ಉಪ್ಪುನೆಲದಲ್ಲಿ ಹೂತ ಕಾರು

ಕತಾರಿನ ಉತ್ತರ ತುದಿಯ ಒಂದು ಸಣ್ಣ ಮೀನುಗಾರರ ಹಳ್ಳಿಯಲ್ಲಿ ನಮ್ಮ ಸಂಸಾರ. ಗಂಡನಿಗೆ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ. ಒಂದು ಮಸೀದಿ, ಒಂದು ದಿನಸಿ ಅಂಗಡಿ, ಎತ್ತರದ ಗೋಡೆಗಳ ಹಿಂದೆ ಒಂದಿಷ್ಟು ಮನೆ, ಆಮೇಲೆ ಸಮುದ್ರ. ದೋಹಾದ ನಮ್ಮವರು ಸಿಕ್ಕಾಗಲೆಲ್ಲ, "ಅಲ್ಲಿ ಹೇಗೆ ಇರ್ತೀರಿ ಮಾರಾಯ್ರೆ? ಬೋರ್ ಆಗುದಿಲ್ವಾ?" ಎನ್ನುತ್ತಾರೆ. ಮೊದಮೊದಲು ನಗುತ್ತಿದ್ದೆ. ಈಗ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಕಳೆದ ಚಳಿಗಾಲದ ಒಂದು ಶುಕ್ರವಾರ ಗಂಡನ ಚಿಕ್ಕಪ್ಪನ ಮಗ ಹೆಂಡತಿ ಮಕ್ಕಳೊಂದಿಗೆ ಬಂದ. ದೋಹಾದ ಮದೀನತ್ ಖಲೀಫಾದಲ್ಲಿ ವಿಲ್ಲಾ, ದೊಡ್ಡ ಹುದ್ದೆ, ಹೊಸ ಕಾರು. ಚಪ್ಪಲಿ ಬಿಡುವ ಮೊದಲೇ, "ಇಲ್ಲಿ ಮನುಷ್ಯರು ಇದ್ದಾರಾ ಅತ್ತಿಗೆ?" ಎಂದ. ಬೆಳಗ್ಗೆಯೇ ಎದ್ದು ಕೋರಿರೊಟ್ಟಿಗೆ ಮಸಾಲೆ ಅರೆದಿದ್ದ ನಾನು ಊಟಕ್ಕೆ ತಟ್ಟೆ ಇಟ್ಟೆ.

ಊಟವಾದ ಮೇಲೆ ಮಕ್ಕಳನ್ನು ಬೀಚಿಗೆ ಕರೆದೊಯ್ಯಲು ಹೊರಟ. ಅವನ ಹೆಂಡತಿಯೂ ನನ್ನ ಮಗಳೂ ಕಾರು ಹತ್ತಿದರು.

"ರಸ್ತೆ ಮುಗಿಯುವಲ್ಲೇ ಕಾರು ನಿಲ್ಲಿಸು. ಆಚೆ ಉಪ್ಪುನೆಲ. ಮೇಲೆ ಗಟ್ಟಿ ಕಾಣ್ತದೆ, ಅಡಿಯಲ್ಲಿ ಪೂರಾ ಕೆಸರು. ಸಂಜೆ ನೀರು ಏರ್ತದೆ" ಎಂದು ಕಿಟಕಿ ಹಿಡಿದುಕೊಂಡೇ ಹೇಳಿದೆ.

"ಎಂತ ಆಗುದಿಲ್ಲ ಅತ್ತಿಗೆ. ಇದು ಫೋರ್ ವೀಲ್."

ನಾನು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಅವನ ಹೆಂಡತಿಯ ಫೋನ್ ಬಂತು. ಅಳುತ್ತಿದ್ದಳು. ನನ್ನ ಗಂಡ ಪಕ್ಕದ ಮನೆಯ ಕತಾರಿ ಮುದುಕರನ್ನು ಕರೆಯಲು ಹೋದರು. ನಾನು ಸಮುದ್ರದ ಕಡೆ ಓಡಿದೆ. ಕಾರು ಬಾಗಿಲಿನವರೆಗೆ ಹೂತಿತ್ತು, ಸುತ್ತ ನೀರು ಬರತೊಡಗಿತ್ತು. ಮಕ್ಕಳು ಒಳಗೆ. ಅವನು ಹೊರಗೆ ನಿಂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ.

"ಬೇಡ ಹೇಳಿದೆ ಅಮ್ಮ, ಅಂಕಲ್ ಕೇಳ್ಲಿಲ್ಲ" ಎಂದಳು ಮಗಳು.

ಮುದುಕರು ಪಿಕಪ್‌ನಲ್ಲಿ ಹಗ್ಗ, ಹಲಗೆ ಹಾಕಿಕೊಂಡು ಬಂದರು. ಹಿಂದೆ ದೋಣಿ ನಡೆಸುತ್ತಿದ್ದವರು, ತಮ್ಮ ಮನೆಯವರಿಗಿಂತ ಹೆಚ್ಚಾಗಿ ನನ್ನ ಮಗಳ ಜೊತೆ ಹರಟುವವರು. "ಬಚ್ಚಾ ಪೆಹ್ಲೆ, ಗಾಡಿ ಬಾದ್ ಮೆ. ಯಲ್ಲಾ" ಎಂದು ತಮ್ಮ ಹರಕು ಹಿಂದಿಯಲ್ಲಿ ಅವಸರಪಡಿಸಿ, ನಿಲುವಂಗಿ ಎತ್ತಿ ಕಟ್ಟಿ ಕೆಸರಿಗಿಳಿದರು. ಮೊದಲು ಮಕ್ಕಳನ್ನು ಒಬ್ಬೊಬ್ಬರಾಗಿ ಹೊತ್ತು ತಂದರು. ಆಮೇಲೆ ಕಾರಿಗೆ ಹಗ್ಗ ಬಿಗಿಯುವಾಗ ಜಾರಿ ಬಿದ್ದು ಭುಜಕ್ಕೆ ಪೆಟ್ಟು ಮಾಡಿಕೊಂಡರು. ಆದರೂ ಕಾರು ರಸ್ತೆಗೆ ಬರುವವರೆಗೆ ಅಲ್ಲಿಂದ ಕದಲಲಿಲ್ಲ.

ಎಲ್ಲರೂ ಮನೆಗೆ ಬಂದ ಮೇಲೆ ಚಹಾಕ್ಕೆ ನೀರಿಟ್ಟೆ. ಕುದಿಯುವ ಮೊದಲೇ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವನು ಹಾಕಿದ ವಿಡಿಯೋ ಬಂತು. ಮುದುಕರು ಕೆಸರಿನಲ್ಲಿ ಬೀಳುತ್ತಿರುವುದು, ಕೆಳಗೆ ಬರಹ: ಕಾಡುಮನುಷ್ಯರ ಊರಲ್ಲಿ ಅಡ್ವೆಂಚರ್. ಅವರು ಬೀಳುವಾಗ ಇವನು ಫೋನ್ ಹಿಡಿದು ಚಿತ್ರ ತೆಗೆಯುತ್ತಿದ್ದ.

ಒಲೆ ಆರಿಸಿ ಹೊರಗೆ ಬಂದೆ. "ಅದನ್ನು ತೆಗಿ."

"ಜೋಕ್ ಅತ್ತಿಗೆ."

"ನನ್ನ ಮಗಳನ್ನು ಹೊತ್ತು ತಂದವರು ಅವರು. ತೆಗಿ. ಪಕ್ಕದ ಮನೆಗೆ ಹೋಗಿ ತಪ್ಪಾಯ್ತು ಹೇಳು. ಆಗದಿದ್ರೆ ಈಗಲೇ ಹೊರಡು."

"ಹೋಗ್ಲಿ ಬಿಡು, ಮನೆಗೆ ಬಂದವರು" ಎಂದರು ಗಂಡ. ಅವತ್ತು ನನಗೆ ಆ ಮಾತಿನಷ್ಟು ಸಿಟ್ಟು ತರಿಸಿದ್ದು ಬೇರೆ ಯಾವುದೂ ಇಲ್ಲ.

ಅವನು ವಿಡಿಯೋ ಅಳಿಸಿದ. ಪಕ್ಕದ ಮನೆಗೆ ಮಾತ್ರ ಹೋಗಲಿಲ್ಲ. ಮುಖ ಊದಿಸಿಕೊಂಡು ಕಾರು ಹತ್ತಿದ. ಮರುದಿನ ಊರಿನಿಂದ ಅತ್ತೆಯ ಫೋನ್: ದೊಡ್ಡವಳು ನೀನು, ಸಾರಿ ಹೇಳಿಬಿಡು ಎಂದು. ಆಗುವುದಿಲ್ಲ ಎಂದೆ. ಗಂಡನ ಜೊತೆಯೂ ಸುಮಾರು ದಿನ ಮಾತು ನೆಟ್ಟಗಿರಲಿಲ್ಲ.

ಮುದುಕರನ್ನು ನೋಡಲು ಹೋದಾಗ ಅವರ ಕೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿತ್ತು. "ಮೆಹಮಾನ್ ಠೀಕ್?" ಎಂದು ಕೇಳಿದರು, ನೆಂಟರು ಕ್ಷೇಮವಾಗಿ ತಲುಪಿದರೇ ಎಂದು. ಹೂಂ ಎಂದೆ. ವಿಡಿಯೋ ವಿಷಯ ಹೇಳಲು ಬಾಯಿ ಬರಲಿಲ್ಲ.

ಈ ಚಳಿಗಾಲ ಅವನು ಗಂಡನಿಗೆ ಫೋನ್ ಮಾಡಿ, ಮಕ್ಕಳು ಬೀಚ್ ಕೇಳುತ್ತಿದ್ದಾರೆ ಎಂದ. ನಾನು ಫೋನ್ ಕಸಿದುಕೊಂಡೆ.

"ಬಾ. ಮೊದಲು ಪಕ್ಕದ ಮನೆ, ಆಮೇಲೆ ನಮ್ಮದು."

ಇನ್ನೂ ಬಂದಿಲ್ಲ.