ತಾತ ತಂದ ಮ್ಯಾಗ್ನೆಟ್ಟು

ಗಂಡಸು ಟಿಂಕರಿಂಗ್ ಮಾಡಿದರೆ ಗಾಡಿಯವರು ಬಣ್ಣ ನೋಡುತ್ತಾರೆ, ಹೆಂಗಸು ಮಾಡಿದರೆ ಮ್ಯಾಗ್ನೆಟ್ ತರುತ್ತಾರೆ. ಬಂಗಾರಪೇಟೆಯ ನಮ್ಮ ಶೆಡ್ಡಿಗೆ ಹಳೇ ಪಿಕಪ್ ಬಿಟ್ಟಿದ್ದ ಚಾಂಪಿಯನ್ ರೀಫ್ಸ್ ಊರಿನ ತಾತನೂ ಜೇಬಿನಲ್ಲಿ ಒಂದು ಸ್ಪೀಕರಿನ ಮ್ಯಾಗ್ನೆಟ್ ಇಟ್ಟುಕೊಂಡೇ ಬಂದರು. ತಗಡಿದ್ದರೆ ಅದು ಕಚ್ಚಿಕೊಳ್ಳುತ್ತೆ, ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿದ್ದರೆ ಬಿದ್ದುಹೋಗುತ್ತೆ.

“ಪುಟ್ಟಿ ಮೆತ್ತಮ್ಮ, ಯಾರು ನೋಡ್ತಾರೆ?” ಅಂತ ಶೆಡ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಮಾವ ಹೇಳಿದ್ದರು. ನಾನು ಕೇಳಲಿಲ್ಲ. ಎರಡೂ ಬಾಗಿಲಿನ ಕೊಳೆತ ತಗಡು ಕತ್ತರಿಸಿ, ಹೊಸದನ್ನು ಬಡಿದು ಬೆಸುಗೆ ಹಾಕಿ, ಕಣ್ಣಿಗೆ ಬೀಳದ ಒಳಮೈಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದಿದ್ದೆ.

“ಪುಟ್ಟಿ ಎಷ್ಟು ತಿನ್ನಿಸಿದೀಯಮ್ಮ?” ಅಂದರು ತಾತ.

“ತಿನ್ನಿಸೋಕೆ ಮನೇಲಿ ಮಗಳವ್ಳೆ ತಾತ. ನೀವು ಇಟ್ಟು ನೋಡಿ.”

ಮ್ಯಾಗ್ನೆಟ್ ಬಾಗಿಲುದ್ದಕ್ಕೂ ಕಚ್ಚಿಕೊಂಡೇ ಹೋಯಿತು. ತಾತ ನೆಲಕ್ಕೆ ಕೂತು ಬಾಗಿಲಿನ ಅಡಿಯಲ್ಲೂ ಇಟ್ಟರು. ಬೀಳಲಿಲ್ಲ. ಆಸೆ ಬಿಡದೆ, ನಾನು ಕೈಯೇ ಹಾಕದ ಹಿಂದಿನ ಮಡ್‌ಗಾರ್ಡಿಗೆ ಇಟ್ಟರು. ಠಣ್ ಅಂತ ನೆಲಕ್ಕೆ ಬಿತ್ತು.

“ಸಿಕ್ತು ನೋಡು!”

“ಅದು ನನ್ನ ಕೆಲಸ ಅಲ್ಲ ತಾತ. ಯಾವಾಗ ಮಾಡಿಸಿದ್ರಿ, ಯಾರ ಕೈಲಿ?”

ತಾತ ಕೊಂಚ ಯೋಚಿಸಿ ನಿಧಾನವಾಗಿ ಮಾವನ ಕಡೆ ತಿರುಗಿದರು. “ಲೇ, ನೀನೇ ಅಲ್ವೇನ್ಲಾ ಮಾಡಿದ್ದು?”

ಮಾವ ಟೀ ತರುತ್ತೇನೆಂದು ಹೊರಟೇಬಿಟ್ಟರು.

“ಇದನ್ನೂ ನೀನೇ ಮಾಡಮ್ಮ, ಅವನು ಬೇಡ” ಅಂದು ತಾತ ಗಾಡಿಯನ್ನು ಅಲ್ಲೇ ಬಿಟ್ಟು ಹೋದರು. ಈಗ ಮಡ್‌ಗಾರ್ಡಿನ ಹಳೇ ಪುಟ್ಟಿ ಕೆರೆಯುವ ಕೆಲಸ ಮಾವನಿಗೆ ಕೊಟ್ಟಿದ್ದೇನೆ. ಬಹಳ ಗಟ್ಟಿಯಾಗಿ ಮೆತ್ತಿದ್ದಾರೆ, ಪಾಪ.