ಖಂಡೇಪೂಜೆಯ ದಿನದ ಲೈಸೆನ್ಸ್

ಹುಬ್ಬಳ್ಳಿಯ ಗೋಕುಲ ರಸ್ತೆಯ ಹತ್ತಿರ ಅಚ್ಚು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಶಾಲೆ ಮುಗಿಸಿದ್ದೇ ತಡವಾಗಿ, ಈ ವಿದ್ಯೆ ಕಲಿತದ್ದು ಇನ್ನೂ ತಡವಾಗಿ. ಈಗಲೂ ಕೀಲಿಮಣೆಯ ಮೇಲೆ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ.

ನಕ್ಷೆ ಬಿಡಿಸುವ ನಮ್ಮ ಸಾಫ್ಟ್‌ವೇರಿಗೆ ಒಂದು ಡಾಂಗಲ್ ಬೇಕು. ಪೆನ್‌ಡ್ರೈವಿನಂಥ ಸಣ್ಣ ವಸ್ತು, ಲೈಸೆನ್ಸ್ ಇರುವುದು ಅದರೊಳಗೆ. ಅದನ್ನು ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿದ್ದ, ಲಿನಕ್ಸ್ ಹಾಕಿದ್ದ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗೆ ಚುಚ್ಚಿಟ್ಟಿದ್ದೆ. ಆ ಪೆಟ್ಟಿಗೆಯೇ ಲೈಸೆನ್ಸ್ ಸರ್ವರ್. ಕೋಣೆಯ ಕಂಪ್ಯೂಟರುಗಳೆಲ್ಲ ನೆಟ್‌ವರ್ಕಿನ ತಂತಿಯ ಮೂಲಕ ಅದರ ಅಪ್ಪಣೆ ಕೇಳಿಯೇ ಕೆಲಸ ಮಾಡುತ್ತವೆ.

ಆ ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನವೇ ರಾಜಕೋಟಿಗೆ ಒಂದು ಅಚ್ಚಿನ ನಕ್ಷೆ ಹೋಗಬೇಕಿತ್ತು. ಅಲ್ಲಿ ಲೋಹ ಕೊರೆಯುವ ಯಂತ್ರವನ್ನು ಸಂಜೆ ಐದರವರೆಗೆ ನಮಗಾಗಿ ಖಾಲಿ ಇಟ್ಟಿದ್ದರು. ತಪ್ಪಿದರೆ ಬೇರೆಯವರ ಕೆಲಸ ಏರಿಸುತ್ತಿದ್ದರು, ನಮ್ಮ ಆರ್ಡರ್ ಹೋಗುತ್ತಿತ್ತು. ಅದಕ್ಕೇ ಮಾಲಕರು ತಮ್ಮ ತಾಯಿಯನ್ನು ಒಪ್ಪಿಸಿ, ಕಂಪ್ಯೂಟರುಗಳ ಪೂಜೆಯನ್ನು ಮಾತ್ರ ಸಂಜೆಗೆ ಇಟ್ಟುಕೊಂಡಿದ್ದರು.

ಕೆಲಸದ ಹತ್ಯಾರಗಳ ಪೂಜೆಗೆಂದು, ಕೋಣೆಗೆ ಹೊಂದಿಕೊಂಡೇ ಇದ್ದ ಮಾಲಕರ ಮನೆಯ ಪಡಸಾಲೆಗೆ ಎದ್ದುಹೋದ ನಾವು ಹೋಳಿಗೆ ಉಂಡು ಮರಳಿದೆವು. ನಕ್ಷೆ ಮಾಡುವ ಮೇಡಮ್ ಕೂತವರೇ ಗಾಬರಿಯಾದರು.

“ಅಣ್ಣಾರ, ಲೈಸೆನ್ಸ್ ಇಲ್ಲ ಅನ್ನಾಕತ್ತೇತಿ. ಸೇವ್ ಸುದ್ದಾ ಆಗವಲ್ದು. ಮುಂಜಾನಿಂದ ಮಾಡಿದ್ದೆಲ್ಲಾ ಅದ್ರಾಗೈತ್ರಿ.”

“ಏನೂ ಒತ್ತಬ್ಯಾಡ್ರಿ. ಮೌಸ್ ಬಿಡ್ರಿ.”

ಪಕ್ಕದ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತಿ ಸರ್ವರನ್ನು ವಿಚಾರಿಸಿದೆ. ನಡೆಯುತ್ತಿತ್ತು. ಅದಕ್ಕೆ ಏನೇನು ಚುಚ್ಚಿದೆ ಎಂದು ಕೇಳಿದೆ. ಡಾಂಗಲ್ ಹೆಸರಿರಲಿಲ್ಲ. ಇನ್ನೊಮ್ಮೆ ಕೇಳಿದೆ. ಇಲ್ಲ. ಮಾಲಕರು ಬಂದು ಹಿಂದೆ ನಿಂತರು.

“ಲಿನಕ್ಸ್ ಹಾಕಿದ್ರ ಕೆಡಂಗಿಲ್ಲ ಅಂದಿದ್ದಿ ಅಲ್ಲಪಾ?”

“ಕೆಟ್ಟಿಲ್ರಿ ಸಾವ್ಕಾರ್ರ,” ಎಂದೆ. ಮೂಲೆಗೆ ಹೋಗಿ ಪೆಟ್ಟಿಗೆಯ ಹಿಂದೆ ಕೈಯಾಡಿಸಿದೆ. ಡಾಂಗಲ್ ಇದ್ದ ಜಾಗ ಖಾಲಿ.

“ಇಲ್ಲಿ ಯಾರ ಬಂದಿದ್ರಿ?”

“ನಾವ್ ಕೈಕಾಲ್ ತೊಳ್ಯಾಕ ಹೋದಾಗ ಅವ್ವಾರ ಬಂದಿದ್ರಲ್ರಿ,” ಎಂದರು ಮೇಡಮ್. ಅವ್ವಾರು ಎಂದರೆ ಮಾಲಕರ ತಾಯಿ.

ಪಡಸಾಲೆಗೆ ಓಡಿದೆ. ಮಣೆಯ ಮೇಲೆ ಪಾನಾ, ಸುತ್ತಿಗೆ, ಅರಗಳ ನಡುವೆ, ಚೆಂಡುಹೂವಿನ ಕೆಳಗೆ ಡಾಂಗಲ್ ಕೂತಿತ್ತು. ಮೈತುಂಬ ಕುಂಕುಮ. ಪಕ್ಕದಲ್ಲಿ ಅವ್ವಾರು.

“ಅವ್ವಾರ, ಇದನ್ಯಾಕ ತಂದ್ರಿ?”

“ನೀನ ಹೇಳಿದ್ದಿಲ್ಲೇನೋ ತಮ್ಮಾ, ಎಲ್ಲಾ ಕಂಪ್ಯೂಟರಿಗೂ ಇದೊಂದ ಕೀಲಿಕೈ ಅಂತ? ಕಂಪ್ಯೂಟರ್ ಸಂಜಿಕ್ಕ ಅಂದ್ರಿ, ಬಿಟ್ಟೆ. ಕೀಲಿಕೈ ಬಿಡಾಕ ಬರ್ತೈತೇನು?”

ನಿಜ, ತಿಜೋರಿಯ ಕೀಲಿಕೈಯೂ ಅಲ್ಲೇ ಇತ್ತು. ಪೂಜೆಗೆ ಇಟ್ಟದ್ದನ್ನು ಮರುದಿನ ವಿಜಯದಶಮಿಗೆ ಬನ್ನಿ ಮುಡಿಯುವವರೆಗೆ ಆ ಮನೆಯಲ್ಲಿ ಎತ್ತುವುದಿಲ್ಲ. ಹಿಂದೆಯೇ ಬಂದ ಮಾಲಕರು ಕೈ ಚಾಚಿದರು.

“ಮುಟ್ಟಬ್ಯಾಡ! ನಿಮ್ಮಪ್ಪ ಇದ್ದಾಗ ಒಂದ್ ಮೊಳೀನೂ ಎತ್ತಿದ್ದಿಲ್ಲ.”

“ಯವ್ವಾ, ಐದರೊಳಗ ನಕ್ಷಾ ಹೋಗಬೇಕ!”

“ಹೋಗ್ಲಿ. ಇದು ಏಳೂದಿಲ್ಲ.”

ಗಡಿಯಾರ ನಾಲ್ಕು ದಾಟಿತ್ತು. ತಾಯಿ ಮಗ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಆಗ ನನಗೆ ಹೊಳೆಯಿತು. ಡಾಂಗಲ್ ಎಲ್ಲಿದ್ದರೇನು, ಸರ್ವರ್ ಅದರ ಜೊತೆಗಿದ್ದರೆ ಸಾಕು. ಉಳಿದ ಕಂಪ್ಯೂಟರುಗಳಿಗೆ ತಂತಿ ಮುಟ್ಟಿದರಾಯಿತು.

“ಅದು ಏಳೂದು ಬ್ಯಾಡ್ರಿ ಅವ್ವಾರ. ನಾನ ಪೆಟಗಿ ಇಲ್ಲಿ ತರ್ತೇನ್ರಿ.”

ಅವರು ಯೋಚಿಸಿದರು. “ಕಾಲ್ ತೊಳಕೊಂಡ್ ಬಾ.”

ಪೆಟ್ಟಿಗೆ ಆಫ್ ಮಾಡಿ ಹೊತ್ತು ತಂದೆ. ಇದ್ದುದರಲ್ಲೇ ಉದ್ದನೆಯ ನೆಟ್‌ವರ್ಕ್ ತಂತಿ ಬಾಗಿಲು ದಾಟಿ ಮಣೆಯ ಅಂಚಿನವರೆಗೆ ಬಂತು, ಅಷ್ಟೇ. ಅವ್ವಾರು ಎರಡು ಬೆರಳಲ್ಲಿ ಡಾಂಗಲ್ ಅಲುಗದಂತೆ ಒತ್ತಿ ಹಿಡಿದರು. ನಾನು ಪೆಟ್ಟಿಗೆಯನ್ನೇ ಸರಿಸಿ ಅದರ ಬಾಯಿಗೆ ಕೂಡಿಸಿದೆ. ಪಡಸಾಲೆಯ ಪ್ಲಗ್ಗಿನಿಂದ ಕರೆಂಟು ಕೊಟ್ಟೆ, ಸರ್ವರ್ ಎದ್ದಿತು. ಡಾಂಗಲ್ಲಿನ ದೀಪ ಹತ್ತಲಿಲ್ಲ.

“ಕುಂಕುಮ ಬಾಯಾಗ ಹೋಗೇತ್ರಿ,” ಎಂದೆ. ಒರೆಸಿರಿ ಎನ್ನುವ ಧೈರ್ಯ ಬರಲಿಲ್ಲ.

ಅವ್ವಾರು ಪೆಟ್ಟಿಗೆ ಹಿಂದೆ ಸರಿಸಲು ಕಣ್ಣಲ್ಲೇ ಹೇಳಿ, ಸೆರಗಿನ ತುದಿ ಸುರುಳಿ ಮಾಡಿ, ಕೂಸಿನ ಕಿವಿ ಒರೆಸುವಂತೆ ಡಾಂಗಲ್ಲಿನ ಬಾಯೊಳಗಿನ ಕುಂಕುಮ ತೆಗೆದರು. ಮಣೆಯಿಂದ ಎತ್ತಲಿಲ್ಲ. ಮತ್ತೆ ಕೂಡಿಸಿದೆ. ಕೆಂಪು ದೀಪ ಮಿಣುಕಿ, ನಿಂತು ಉರಿಯಿತು.

“ಈಗ ರಿಟ್ರೈ ಒತ್ರಿ ಮೇಡಮ್!” ಎಂದು ಕೂಗಿದೆ. ಮಾಲಕರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

“ಬಂತ್ರೀ! ಸೇವ್ ಆತು!” ಒಳಗಿಂದ ಮೇಡಮ್ ಕೂಗಿದರು.

ಐದಕ್ಕೆ ಸ್ವಲ್ಪ ಮುಂಚೆ ನಕ್ಷೆ ಹೋಯಿತು. ಸಿಕ್ಕಿತೆಂದು ರಾಜಕೋಟಿನಿಂದ ಫೋನ್ ಬಂದಾಗ ಮಾಲಕರು ಪಡಸಾಲೆಯ ನೆಲದ ಮೇಲೇ ಕೂತುಬಿಟ್ಟರು. ಅವ್ವಾರು ಕುಂಕುಮದ ಬಟ್ಟಲು ಎತ್ತಿಕೊಂಡು ಪೆಟ್ಟಿಗೆಯತ್ತ ತಿರುಗಿದರು.

“ಇದೂ ಬಂದ್ ಕುಂತೈತಿ. ಇದಕ್ಕೂ ಹಚ್ಚಲೇನು?”

“ಹಚ್ರಿ ಅವ್ವಾರ. ತೂತು ಬಿಟ್ಟು ಹಚ್ರಿ.”