ಆರ್ಕೆಸ್ಟ್ರಾ ಮುನಿರಾಜಣ್ಣ

ಯಾವ ಶ್ರುತಿಯಲ್ಲಿ ಹಾಡುತ್ತೀಯ ಎಂದು ಕೇಳುವ ಮೊದಲೇ "ಇಂಟರ್ನಲ್ಸ್‌ನಾಗ್ ಎಷ್ಟ್ ಬಂತು?" ಎಂದು ಕೇಳುವ ಸಂಗೀತಗಾರರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ಅಬ್ಬಿಗೆರೆಯ ಮುನಿರಾಜಣ್ಣ. ಮದುವೆಯ ರಿಸೆಪ್ಷನ್ನು, ಗಣೇಶನ ಪೆಂಡಾಲು, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವ, ಎಲ್ಲಿ ಕರೆದರೂ ಹೋಗಿ ಕೀಬೋರ್ಡ್ ನುಡಿಸುತ್ತಿದ್ದ ಆರ್ಕೆಸ್ಟ್ರಾದ ಯಜಮಾನರು. ವೇದಿಕೆಯ ಮೇಲೆ ಮಿಣಮಿಣ ಮಿಂಚುವ ಕೋಟು, ಬಿಳಿ ಬೂಟು. ಆ ಕೋಟಿನ ಹೆಗಲ ಮೇಲೆ ಮಾತ್ರ ಸದಾ ಒಂದು ಕೆಂಪು ಚೌಕಳಿ ಟವೆಲ್ಲು. "ಅಣ್ಣಾ, ಟವೆಲ್ ತೆಗೀರಿ, ಫೋಟೋ ಚೆನ್ನಾಗ್ ಬರಲ್ಲ" ಎಂದು ಹುಡುಗರು ಬೇಡಿಕೊಂಡರೆ, "ಕೋಟು ಬಾಡ್ಗೇದು ಕಣ್ರೋ, ಟವೆಲ್ ನಂದು" ಎನ್ನುತ್ತಿದ್ದರು.

ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ ಅವರದು. ಕೆಳಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿ, ಮೇಲೆ ಪ್ರಾಕ್ಟೀಸಿನ ಕೋಣೆ. ಸದ್ದು ಬೀದಿಗೆ ಹೋಗಬಾರದೆಂದು ಕೋಣೆಯ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ, ಬಾಗಿಲ ಪಕ್ಕದ ಗೋಡೆಗೆ ಹಾಸಿಗೆಯನ್ನೇ ನಿಲ್ಲಿಸಿ ಮೊಳೆ ಹೊಡೆದಿದ್ದರು. ಅವರ ಹೆಂಡತಿ ಲಕ್ಷ್ಮಕ್ಕ ಕಾಫಿ ತಂದಾಗಲೆಲ್ಲ ಆ ಹಾಸಿಗೆಯನ್ನು ತೋರಿಸಿ, "ನಮ್ಮಪ್ಪ ಮದ್ವೇಲ್ ಕೊಟ್ಟಿದ್ದು ಕಣವ್ವ. ಗೋಡೆಗ್ ಒಡ್ದವ್ರೆ, ನಾನು ಚಾಪೆ ಮ್ಯಾಲ್ ಮನಿಕ್ಕಂತೀನಿ" ಎಂದು ದೂರುತ್ತಿದ್ದರು. ಮುನಿರಾಜಣ್ಣ ಅದು ತಮಗೆ ಸಂಬಂಧಪಟ್ಟ ವಿಷಯವೇ ಅಲ್ಲ ಎನ್ನುವಂತೆ ಕೀಬೋರ್ಡಿನ ದೂಳು ಒರೆಸುತ್ತಿದ್ದರು.

ಎರಡೂ ಕೈ ಕೀಬೋರ್ಡಿನ ಮೇಲೆ ಇರುತ್ತಿದ್ದುದರಿಂದ ಅವರು ಇಡೀ ತಂಡವನ್ನು ಗದ್ದದಿಂದ ನಡೆಸುತ್ತಿದ್ದರು. ಗದ್ದ ಎತ್ತಿದರೆ ಚರಣಕ್ಕೆ ಹೋಗು. ಪಕ್ಕಕ್ಕೆ ತಿರುಗಿಸಿದರೆ ನಿಧಾನ. ಎರಡು ಹುಬ್ಬೂ ಮೇಲೆ ಹೋದರೆ ಹಾಡು ನಿಲ್ಲಿಸು, ಯಾರೋ ದೊಡ್ಡ ಮನುಷ್ಯರು ಮೈಕು ಕೇಳುತ್ತಿದ್ದಾರೆ. ನಾನು ಹಾಡಲು ಸೇರಿದ ಹೊಸದರಲ್ಲಿ ಹುಬ್ಬು ಯಾವುದು ಗದ್ದ ಯಾವುದು ತಿಳಿಯದೆ ಪೇಚಾಡಿದ್ದುಂಟು.

ಇನ್ನು ನಮ್ಮ ಮನೆ. ಅಪ್ಪ ಗದಗಿನ ಕಡೆಯವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವಿದ್ಯಾರಣ್ಯಪುರದ ಬಾಡಿಗೆ ಮನೆಯಲ್ಲೂ ಕಾರ್ಖಾನೆಯ ಶಿಸ್ತೇ. ಯಲಹಂಕದ ಕಾಲೇಜಿನಲ್ಲಿ ಬಿ.ಕಾಂ. ಸೇರಿದ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಾಯಿದೆ ಓದಿದ್ದರು. "ದೀಪ ಹಚ್ಚೂದ್ರಾಗ ಮನ್ಯಾಗ ಇರಬೇಕು. ಕ್ಲಾಸ್ ತಪ್ಪಿಸಬಾರ್ದು. ಹಾಡಬ್ಯಾಡ ಅನ್ನಂಗಿಲ್ಲ ನಾ, ದೇವರ ಮುಂದ ಎಷ್ಟರ ಹಾಡು. ಸ್ಟೇಜ್ ಮಾತ್ರ ಬ್ಯಾಡ." ನನಗೋ ದೇವರೊಬ್ಬನೇ ಕೇಳಿದರೆ ಸಾಲದು ಅನ್ನಿಸುತ್ತಿತ್ತು. ಹಾಡಿಯೇ ಬದುಕಬೇಕು ಅನ್ನುವ ಆಸೆ ಹೈಸ್ಕೂಲಿನಿಂದಲೂ ಹೊಟ್ಟೆಯೊಳಗಿತ್ತು. ಅಪ್ಪನ ಎದುರು ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಎರಡನೇ ವರ್ಷದ ಕಾಲೇಜು ಹಬ್ಬಕ್ಕೆ ಸೌಂಡ್ ಹಾಕಲು ಬಂದವರು ಮುನಿರಾಜಣ್ಣ. ಮೈಕ್ ಪರೀಕ್ಷೆ ಮಾಡಲು ಯಾರಾದರೂ ಬನ್ನಿ ಅಂದರು. "ಹಲೋ ಹಲೋ" ಅನ್ನಬೇಕಾದ ಜಾಗದಲ್ಲಿ ನಾನು ಒಂದು ವಚನ ಹಾಡಿಬಿಟ್ಟೆ. ಅವರು ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನ ಮುಂದೆ ಬಂದು ನಿಂತರು.

"ಯಾರತ್ರ ಕಲ್ತೆ ಮಗ?"

"ಭಜನೆ ಕ್ಲಾಸ್‌ನಲ್ಲಿ ಸರ್."

"ನಮ್ ಆರ್ಕೆಸ್ಟ್ರಾಗ್ ಬತ್ತೀಯಾ?"

ನನಗೆ ಆಕಾಶ ಮೂರೇ ಗೇಣು. ಆ ವಾರವೇ ಕಾಲೇಜು ಮುಗಿಸಿ ಅಬ್ಬಿಗೆರೆಗೆ ಹೋದೆ. ಹಾಡಿಸಿ ನೋಡಿದರು, ತಲೆ ಆಡಿಸಿದರು, ಇಂಟರ್ನಲ್ಸ್ ಕೇಳಿದರು. ಆಮೇಲೆ ಮನೆಯಲ್ಲಿ ಏನಂದರು ಅಂತ ವಿಚಾರಿಸಿದರು. ನಾನು ದೊಡ್ಡ ಜಾಣೆಯ ಹಾಗೆ ನನ್ನ ಉಪಾಯ ಬಿಚ್ಚಿಟ್ಟೆ. ಮನೆಯಲ್ಲಿ ಸ್ಪೆಷಲ್ ಕ್ಲಾಸ್ ಅಂತ ಹೇಳುತ್ತೇನೆ, ಅಪ್ಪನಿಗೆ ಗೊತ್ತಾಗುವುದೇ ಇಲ್ಲ.

ಅವರು ಕೀಬೋರ್ಡ್ ಆಫ್ ಮಾಡಿಬಿಟ್ಟರು. "ಆಗಾದ್ರೆ ಬ್ಯಾಡ, ಓಗು. ಮೈಕ್ ಮುಂದೆ ಸುಳ್ಳು ಇಟ್ಕಂಡ್ ನಿಂತ್ಕಬಾರ್ದು ಮಗ, ಎರಡ್ ಪಟ್ಟು ಕೇಳಿಸ್ತದೆ. ನಾಳೆ ಯಾವನೋ ಫೋನ್‌ನಾಗ್ ವಿಡಿಯೋ ಇಡ್ದು ಆಕ್ತಾನೆ, ನಿಮ್ಮಪ್ಪ ಊಟಕ್ ಕೂತಾಗ ನೋಡ್ತಾರೆ. ಆಗ ನಿನ್ ಕಾಲೇಜೂ ಓಯ್ತದೆ, ಆಡೂ ಓಯ್ತದೆ."

ನನಗೆ ಅಳುವೇ ಬಂತು. ಅಪ್ಪನ ಕಾಟ ತಪ್ಪಿಸಿಕೊಂಡು ಬಂದರೆ ಇಲ್ಲಿ ಇನ್ನೊಬ್ಬ ಅಪ್ಪ! ಲಕ್ಷ್ಮಕ್ಕ ನನ್ನ ಮುಖ ನೋಡಿ ಗಂಡನನ್ನು ಗದರಿದರು. ಮುನಿರಾಜಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಅಳ್ಬೇಡ. ನಿಮ್ಮಪ್ಪನ ನಂಬರ್ ಕೊಡು, ನಾನೇ ಬಂದ್ ಕೇಳ್ತೀನಿ" ಎಂದರು.

ಕೇಳುವುದೇನೋ ಸರಿ, ಆದರೆ ಕೇಳಿದ ಬಗೆ ನೋಡಿ. ಅಪ್ಪನಿಗೆ ಫೋನ್ ಮಾಡಿ, "ನಿಮ್ ಮಗಳ್ ವಿಚಾರ ಸಾರ್, ಫೋನ್‌ನಾಗ್ ಮಾತಾಡೋದಲ್ಲ. ಭಾನುವಾರ ರಾವುಕಾಲಕ್ ಮುಂಚೆ ನಾನೂ ನಮ್ಮನೆಯೋಳೂ ಬತ್ತೀವಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಅವರು ಬರುವುದು ನನಗೆ ಗೊತ್ತಿತ್ತು. ಅಪ್ಪ-ಅವ್ವ ಏನಂದುಕೊಂಡಿದ್ದಾರೆ ಅನ್ನುವುದು ಗೊತ್ತಾದದ್ದು ಭಾನುವಾರ ಮಧ್ಯಾಹ್ನ, ಅವ್ವ ರೇಷ್ಮೆ ಸೀರೆ ತಂದು ಮಂಚದ ಮೇಲಿಟ್ಟು ರವೆ ಹುರಿಯಲು ನಿಂತಾಗ. ನಮ್ಮ ಕಡೆ ಶಿರಾ-ಉಪ್ಪಿಟ್ಟು ಜೊತೆಯಾಗಿ ಒಲೆ ಏರಿತೆಂದರೆ ಹೆಣ್ಣು ನೋಡಲು ಬರುತ್ತಿದ್ದಾರೆ ಎಂದೇ ಅರ್ಥ.

"ಯಾರೋ ದೊಡ್ಡ ಮಂದಿ ಇರಬೇಕು, ಗಂಡ-ಹೆಂಡ್ತಿ ಇಬ್ರೂ ಬರಾಕತ್ತಾರ. ಸುಮ್ನ ಸೀರಿ ಉಟ್ಕೋ" ಎಂದಳು ಅವ್ವ.

ಆಗಲಾದರೂ ನಿಜ ಹೇಳಬಹುದಿತ್ತು. ಆದರೆ ಹಾಡಿನ ವಿಷಯ ಅಂದರೆ ಬೈಗುಳ, ಮದುವೆಯ ವಿಷಯ ಅಂದರೆ ಶಿರಾ. ನಾನು ಬಾಯಿ ಮುಚ್ಚಿಕೊಂಡು ಸೀರೆ ಉಟ್ಟೆ.

ಬಂದರಪ್ಪ ಇಬ್ಬರೂ. ಮುನಿರಾಜಣ್ಣ ಬಿಳಿ ಪಂಚೆ, ಬಿಳಿ ಶರ್ಟು. ಲಕ್ಷ್ಮಕ್ಕನ ಕೈಯಲ್ಲಿ ಸ್ಟೀಲ್ ತಟ್ಟೆ, ಅದರ ತುಂಬ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಮಲ್ಲಿಗೆ ದಂಡೆ, ಮೇಲೊಂದು ರವಿಕೆ ಕಣ. ಬೇರೆ ಮನೆಯ ಹೆಣ್ಣುಮಗಳನ್ನು ಕಳಿಸಿಕೊಡಿ ಎಂದು ಕೇಳಲು ಬರಿಗೈಲಿ ಹೋಗಬಾರದು ಅನ್ನುವುದು ಅವರ ಮನೆಯ ಪದ್ಧತಿಯಂತೆ. ಅವರ ಆರ್ಕೆಸ್ಟ್ರಾದಲ್ಲಿ ಹಾಡಿದ ಪ್ರತಿ ಹುಡುಗಿಯ ಮನೆಗೂ ಹೀಗೇ ತಟ್ಟೆ ಹಿಡಿದು ಹೋಗಿದ್ದರಂತೆ. ಅದು ನಮಗೆ ಹೇಗೆ ಗೊತ್ತಾಗಬೇಕು? ಅವ್ವ ತಟ್ಟೆ ನೋಡಿದ್ದೇ ಸೆರಗು ಸರಿಮಾಡಿಕೊಂಡಳು. ಅಪ್ಪ ಬಾಗಿಲಾಚೆ ಇಣುಕಿದರು.

"ಹುಡುಗ ಬರಲಿಲ್ಲೇನ್ರಿ?"

"ಉಡುಗ್ರಾ ಸಾರ್? ಐದ್ ಜನಾನೂ ಎಬ್ಬಾಳದ್ ಕಡೆ ಸೌಂಡ್ ಇಳಿಸಕ್ ಓಗವ್ರೆ."

"ಐದ ಮಂದಿ?" ಅಪ್ಪ ಕುರ್ಚಿಯ ಕೈ ಹಿಡಿದುಕೊಂಡರು.

ಅಡುಗೆ ಮನೆಯಲ್ಲಿ ನಿಂತಿದ್ದ ನನಗೆ ನಗು ಬರುತ್ತಿತ್ತೋ ಜೀವ ಹೋಗುತ್ತಿತ್ತೋ ಹೇಳಲಾರೆ. ಅಪ್ಪ ಗಂಟಲು ಸರಿಮಾಡಿಕೊಂಡು, ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದರು. "ನೋಡ್ರಿ, ತಪ್ಪ ತಿಳ್ಕೋಬ್ಯಾಡ್ರಿ. ಆಕಿ ಇನ್ನಾ ಓದಾಕತ್ತಾಳ. ಡಿಗ್ರಿ ಮುಗಿಯೂತನಾ ಮದಿವಿ ಮಾತು ಬ್ಯಾಡ್ರಿ. ನೀವು ಎಂಥಾ ಮನಿತನದವರ ಇರ್ರಿ, ಆಕಿ ಓದು ಬಿಡಿಸಿ ನಾ ಕೊಡಂಗಿಲ್ಲ."

ನಾನು ಅಪ್ಪನ ಬಾಯಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು. ಕಾಯಿದೆಗಳ ಹಿಂದೆ ಇಷ್ಟೊಂದು ನನ್ನ ಪರವಾದ ಮನುಷ್ಯ ಕೂತಿದ್ದಾನೆ ಅಂತ ಗೊತ್ತೇ ಇರಲಿಲ್ಲ.

"ಮದ್ವೆನಾ?" ಮುನಿರಾಜಣ್ಣ ಎದ್ದೇ ನಿಂತರು. "ಅಯ್ಯೋ ಶಿವನೇ! ಮಗೀಗ್ ಈಗ್ಲೇ ಯಾಕ್ ಸಾರ್ ಮದ್ವೆ? ಬುಟ್ಬುಡಿ, ಓದ್ಲಿ. ನಮ್ಮ ಆರ್ಕೆಸ್ಟ್ರಾದಾಗ್ ಎರಡ್ ಆಡು ಆಡಕ್ ಕಳಿಸ್ತೀರಾ ಅಂತ ಕೇಳಕ್ ಬಂದಿದ್ದು."

ಅಪ್ಪನ ಎದೆಯಿಂದ ಹೊರಟ ಉಸಿರು ಅಡುಗೆ ಮನೆಗೂ ಕೇಳಿಸಿತು. "ಹಾಡಾಕೇನ್ರಿ? ಅಷ್ಟ?"

ಆ ಒಂದು "ಅಷ್ಟ"ದಲ್ಲಿ ನನ್ನ ಕೆಲಸ ಆಗಿಹೋಯಿತು. ಬಾಯಿಂದ ಅಷ್ಟೇ ಅಂದಮೇಲೆ ಅದನ್ನು ಮತ್ತೆ ಬೆಟ್ಟ ಮಾಡುವುದು ಹೇಗೆ? ಆದರೂ ಅಪ್ಪ ಸುಧಾರಿಸಿಕೊಂಡು ಷರತ್ತು ಹಾಕಿದರು. ಅವ್ವ ಜೊತೆಗೆ ಹೋಗಬೇಕು, ಒಂಬತ್ತರೊಳಗೆ ಮನೆ ಸೇರಬೇಕು. ಮುನಿರಾಜಣ್ಣ ಒಂದು ಕೈ ಮೇಲೆ. ಪರೀಕ್ಷೆ ತಿಂಗಳಲ್ಲಿ ಮೈಕ್ ಮುಟ್ಟುವ ಹಾಗಿಲ್ಲ, ಒಂದು ವಿಷಯ ಫೇಲಾದರೂ ಆರ್ಕೆಸ್ಟ್ರಾ ಬಂದ್, ಕ್ಲಾಸ್ ತಪ್ಪಿಸಿ ಪ್ರಾಕ್ಟೀಸಿಗೆ ಬಂದರೆ ತಾವೇ ಅಪ್ಪನಿಗೆ ಫೋನ್ ಮಾಡುವುದು. ಇಬ್ಬರೂ ಸೇರಿ ನನ್ನ ಮೇಲೆ ಷರತ್ತು ಹೇರುತ್ತ ಹೇರುತ್ತ ಎಷ್ಟು ಗೆಳೆಯರಾದರೆಂದರೆ, ಶಿರಾ ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಹೇಳಿದ್ದನ್ನು ಮುನಿರಾಜಣ್ಣ ಅಕ್ಷರಶಃ ನಡೆಸಿದರು. ಯಶವಂತಪುರದ ಒಂದು ಕಲ್ಯಾಣಮಂಟಪದಲ್ಲಿ ರಿಸೆಪ್ಷನ್ ನಡೆದಿತ್ತು. ನನ್ನ ಸಮಯ ಮುಗಿದಿತ್ತು. ವರನ ಸೋದರಮಾವ, ದಪ್ಪ ಚೈನಿನ ಮನುಷ್ಯ, "ಆ ಹುಡುಗಿ ಇನ್ನೊಂದು ಹಾಡ್ಲಿ ಗುರು" ಎಂದು ಪಟ್ಟು ಹಿಡಿದ. ಮುನಿರಾಜಣ್ಣ ಮೈಕಿನಲ್ಲೇ, ಇಡೀ ಹಾಲಿಗೆ ಕೇಳುವಂತೆ, "ಮಗೀಗ್ ನಾಳೆ ಕಾಲೇಜ್ ಐತೆ ಸಾರ್. ನಿಮಗ್ ಅಷ್ಟ್ ಆಸೆ ಇದ್ರೆ ನೀವೇ ಆಡಿ, ನಾವ್ ನುಡಿಸ್ತೀವಿ" ಎಂದು ಮೈಕ್ ಅವನ ಕೈಗಿಟ್ಟರು. ಅವನು ಹಾಡಿಯೇ ಬಿಟ್ಟ! ಜನ ಊಟದ ಹಾಲಿಗೆ ಹೇಗೆ ನುಗ್ಗಿದರೆಂದರೆ ಬಡಿಸುವವರು ಕಂಗಾಲಾದರು. ಮುನಿರಾಜಣ್ಣ ಮಾತ್ರ ಗಂಭೀರವಾಗಿ, ಅವನು ಯಾವ ಕಡೆ ಜಾರಿದರೂ ಬೆನ್ನು ಬಿಡದೆ ಕೊನೆಯವರೆಗೂ ನುಡಿಸಿದರು. "ಆಡೋನ್ ಯಾರೇ ಆಗ್ಲಿ, ನಡು ನೀರಲ್ಲಿ ಕೈ ಬಿಡಬಾರ್ದು" ಎಂದು ಆಮೇಲೆ ನನಗೆ ಹೇಳಿದರು.

ಮೂರನೇ ವರ್ಷದ ಹೊತ್ತಿಗೆ ಅವರ ಕಿವಿ ಮಂದವಾಗತೊಡಗಿತು. ಇಷ್ಟು ವರ್ಷ ಸ್ಪೀಕರ್ ಪಕ್ಕ ನಿಂತದ್ದು ಸಾಕು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಲಕ್ಷ್ಮಕ್ಕನ ತವರು ಗೌರಿಬಿದನೂರಿನ ಹತ್ತಿರ, ಅಲ್ಲಿಗೇ ಹೋಗಿಬಿಡುವುದೆಂದು ನಿರ್ಧಾರವಾಗಿತ್ತು. ಅದೇ ದಿನಗಳಲ್ಲಿ ಧಾರವಾಡದಲ್ಲಿ ಸಂಗೀತದ ಎಂ.ಎ.ಗೆ, ಹಾಡಿನ ಪ್ರವೇಶ ಪರೀಕ್ಷೆಯ ಮೇಲೆ, ಡಿಗ್ರಿ ಪಾಸಾದರೆ ಎಂಬ ಷರತ್ತಿನೊಂದಿಗೆ ನನಗೆ ಸೀಟು ಸಿಕ್ಕಿತು. ಅಪ್ಪ ಅದಕ್ಕೆ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ವಾರವಿಡೀ ಸುಮ್ಮನೆ ಪೇಪರ್ ಓದಿದರು. ನಾನು ಊಟ ಬಿಟ್ಟೆ, ಅವ್ವ ಮಾತು ಬಿಟ್ಟಳು, ಅಪ್ಪ ಪೇಪರ್ ಬಿಡಲಿಲ್ಲ.

ಡಿಗ್ರಿ ರಿಸಲ್ಟ್ ಬಂದ ದಿನ, ಫಸ್ಟ್ ಕ್ಲಾಸ್, ಸೀದಾ ಅಬ್ಬಿಗೆರೆಗೆ ಓಡಿದೆ. ಅಂಗಡಿಯ ಮುಂದೆ ಟೆಂಪೋಗೆ ಸಾಮಾನು ಏರಿಸುತ್ತಿದ್ದರು. ಅಂಕಪಟ್ಟಿಯನ್ನು ಫೋನಿನಲ್ಲಿ ತೋರಿಸಿದೆ. ಒಂದೊಂದೇ ವಿಷಯದ ಮೇಲೆ ಬೆರಳಿಟ್ಟು ನೋಡಿ, "ಕಾಸ್ಟಿಂಗ್‌ನಾಗ್ ಯಾಕ್ ಕಮ್ಮಿ?" ಎಂದರು. ಧಾರವಾಡದ ಕಥೆ ಹೇಳುತ್ತ ನಾನು ಅತ್ತೇಬಿಟ್ಟೆ. ಅವರು ಫೋನ್ ಕಿತ್ತುಕೊಂಡು ಅಪ್ಪನಿಗೆ ಮಾಡಿ, ಕಿವಿ ಕೇಳದೆಂದು ಸ್ಪೀಕರಿಗೆ ಹಾಕಿ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಸಾರ್, ಮಗೂನ ಕಳಿಸ್ತೀರೋ ಇಲ್ವೋ? ಅಳ್ತಾ ಕುಂತವ್ಳೆ."

"ಪಾಸಾದಳೇನ್ರಿ?" ಅಂದರು ಅಪ್ಪ.

"ಪಸ್ಟ್ ಕ್ಲಾಸು!"

"ಹಂಗಾರ ಹೇಳ್ರಿ ಆಕಿಗೆ. ಟಿಕೆಟ್ ಮೊನ್ನೇನ ತಗಸೇನಿ, ಯಶವಂತಪುರದಿಂದ. ನಾನೂ ಆಕಿ ಅವ್ವನೂ ಬಿಟ್ಟ ಬರಾಕ ಹೊಂಟೇವಿ. ರಿಸಲ್ಟ್ ಬರೂತನಾ ಹೇಳಬಾರ್ದಂತ ಬಾಯಿ ಬಿಗಿ ಹಿಡದಿದ್ದೆ."

ಅಬ್ಬಾ! ಲಕ್ಷ್ಮಕ್ಕ ನನ್ನನ್ನು ಅಪ್ಪಿಕೊಂಡರು. ಮುನಿರಾಜಣ್ಣ ಅಲ್ಲೇ ಇದ್ದ ಸ್ಪೀಕರ್ ಡಬ್ಬದ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಅಲ್ಲಿ ಬಾಳಾ ದೊಡ್ಡೋರ್ ಇರ್ತಾರೆ ಮಗ. ನನ್ನೆಸ್ರು ಎತ್ತಬೇಡ. ಆರ್ಕೆಸ್ಟ್ರಾದಾಗ್ ಆಡ್ತಿದ್ಲು ಅಂದ್ರೆ ಗಂಟ್ಲು ಕೆಟ್ಟೋಗೈತೆ ಅಂದ್ಕಂತಾರೆ" ಎಂದರು. ಬೇಸರದಿಂದೇನೂ ಹೇಳಲಿಲ್ಲ. ಪರೀಕ್ಷೆಗೆ ಹೋಗುವಾಗ ಎರಡು ಪೆನ್ನು ಇಟ್ಟುಕೋ ಅನ್ನುವ ಹಾಗೆ ಹೇಳಿದರು. ನಾನು ಹ್ಞೂಂ ಅಂದೆ.

ಅದೇ ಕೊನೆಯ ಭೇಟಿ. ದೀಪಾವಳಿಗೆ ಬಂದಾಗ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿಯವರು ಕೂತಿದ್ದರು. ಫೋನ್ ಮಾಡಿದರೆ ಲಕ್ಷ್ಮಕ್ಕ ಎತ್ತುತ್ತಾರೆ. ನಾನು ಹೇಳಿದ್ದನ್ನು ಅವರು ಗಂಡನ ಕಿವಿಯಲ್ಲಿ ಕೂಗಿ ಹೇಳುತ್ತಾರೆ. ಅಲ್ಲಿಂದ ಬರುವ ಉತ್ತರ ಕೇಳಿ ನನಗೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ ಒಂದು ವಿಷಯ ಇವತ್ತಿಗೂ ಅವರಿಗೆ ಹೇಳಿಲ್ಲ.

ಧಾರವಾಡದ ಮೊದಲ ತರಗತಿಯ ದಿನ, ಬಿಳಿ ಜುಬ್ಬದ ಗುರುಗಳು ತಂಬೂರಿ ಮೀಟುತ್ತ ಒಬ್ಬೊಬ್ಬರನ್ನೇ ಕೇಳುತ್ತ ಬಂದರು, ಮೊದಲು ಯಾರ ಕಡೆ ಕಲಿತಿರಿ ಅಂತ. ಎಲ್ಲರೂ ದೊಡ್ಡ ದೊಡ್ಡ ಹೆಸರು ಹೇಳಿ, ಗುರುವಿನ ಹೆಸರೆತ್ತಿದ ಗೌರವಕ್ಕೆ ಕಿವಿ ಮುಟ್ಟಿಕೊಂಡರು. ನನ್ನ ಸರದಿ ಬಂತು.

"ಅಬ್ಬಿಗೆರೆ ಮುನಿರಾಜಣ್ಣ ಅವರ ಹತ್ತಿರ ಸರ್, ಆರ್ಕೆಸ್ಟ್ರಾದಲ್ಲಿ" ಎಂದು ಕಿವಿ ಮುಟ್ಟಿಕೊಂಡೆ.

ತಂಬೂರಿ ನಿಂತಿತು. "ಯಾರು?" ಎಂದರು ಗುರುಗಳು.

ನಾನು ಇನ್ನೊಮ್ಮೆ, ಈ ಸಲ ಜೋರಾಗಿ ಹೇಳಿದೆ.